ನಾಯಿಗೂ ನಮಗೂ ನಡುವೆ

ಮುಂಬಯಿಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯು ಪುಣೆ ನಗರವನ್ನು ಬಳಸಿಕೊಂಡು ದಕ್ಷಿಣಕ್ಕೆ ತಿರುಗುವ ಎಡೆಯಲ್ಲಿ, ಅದರ ಪಡುವಣ ಮಗ್ಗುಲಿಗೆ, ಹಿಂಜವಾಡಿ, ಮಾಣ, ಮಾರುಂಜಿ ಎಂಬ ಗ್ರಾಮಗಳಿವೆ. ಕಳೆದ ಶತಮಾನದ ಕೊನೆಯವರೆಗೂ ಹೊಲಗದ್ದೆಗಳಿಂದಲೂ ದನಕರುಗಳು ಮೇಯುವ ಬಯಲುಗಳಿಂದಲೂ ಕೂಡಿದ್ದ ಮುಳಶಿ ತಾಲ್ಲೂಕಿನ ಈ ಅಂಚು, ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಎಂಬ ಹೆಸರಿನಿಂದ ಮೂರು ಹಂತಗಳಾಗಿ ಬೆಳೆದು, ಗಾಜಿನ ಸೌಧಗಳ ಹಾಗೂ ಇಪ್ಪತ್ತಂತಸ್ತಿನ ವಸತಿ ಸಮುಚ್ಚಯಗಳ ಊರಾಗಿ ಪರಿಣಮಿಸಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯಿಂದ ಉದ್ಯೋಗವನ್ನರಸಿ ಬಂದ ಕನ್ನಡಿಗರ ಸಂಖ್ಯೆಯೂ ಇಲ್ಲಿ ಅಲ್ಪವಲ್ಲ. ಮನುಷ್ಯನು ಬೀಡುಬಿಟ್ಟ ಕಡೆಯಲ್ಲೆಲ್ಲ ನಾಯಿಯೂ ಬಂದು ನೆಲೆಸುವುದು ಪುರಾತನವಾದ ವಾಡಿಕೆ. ಅದರಂತೆ ಇಲ್ಲಿಯೂ ಮೂರು ತರದ ನಾಯಿಗಳನ್ನು ಕಾಣಬಹುದು. ಲಿಫ್ಟಿನಲ್ಲಿ ಇಳಿದು ಬಂದು ಲಿಫ್ಟಿನಲ್ಲಿಯೇ ಏರಿಹೋಗುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮುಂತಾದ ಜಾತಿವಂತ ನಾಯಿಗಳು ಮೊದಲನೆಯವು. ಚಹದಂಗಡಿಯ ಮಗ್ಗುಲಲ್ಲಿ, ಮುಗಿಯದ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಸಂಸಾರ ಹೂಡಿರುವ ಬೀದಿನಾಯಿಗಳು ಎರಡನೆಯವು. ಕುರಿಹಿಂಡುಗಳನ್ನು ಹೊಡೆದುಕೊಂಡು ಊರೂರು ಅಲೆಯುವ ಧನಗರರ ಜೊತೆಯಲ್ಲಿ ಬಂದು, ಎರಡು ದಿನ ಬಯಲಿನಲ್ಲಿದ್ದು, ಮುಂದೆ ಹೊರಟುಹೋಗುವ ಕಾವಲುನಾಯಿಗಳು ಮೂರನೆಯವು. ಇದೇ ಪುಣೆ ಜಿಲ್ಲೆಯ ಜೇಜುರಿಯಲ್ಲಿ ನೆಲೆಸಿರುವ ಖಂಡೋಬನು ನಮ್ಮ ಮೈಲಾರಲಿಂಗನೇ ಎಂಬುದನ್ನೂ, ಆತನ ಪರಿವಾರದಲ್ಲಿ ನಾಯಿಗೆ ಸ್ಥಾನವುಂಟೆಂಬುದನ್ನೂ, ಮೈಲಾರನ ಒಕ್ಕಲಿನ ವಗ್ಗಯ್ಯಗಳು ಬೊಗಳುತ್ತ ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿಕೊಳ್ಳುವರೆಂಬುದನ್ನೂ ಬಲ್ಲವರಿಗೆ, ಈ ನೆಲದಲ್ಲಿ ನಾಯಿಯ ವಿಚಾರವೆಂದರೆ ಕೇವಲ ಪಶುವೈದ್ಯದ ವಿಚಾರವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮುಂಗಾರು ಹಿಡಿದು ತಿಂಗಳೊಂದು ಕಳೆಯುವಷ್ಟರಲ್ಲಿ ಹಿಂಜವಾಡಿಯಲ್ಲಿ ಜ್ವರದ ಋತು ಆರಂಭವಾಗುತ್ತದೆ. ಕಟ್ಟಡದ ಕೆಲಸಕ್ಕೆಂದು ತೋಡಿದ ಗುಂಡಿಗಳಲ್ಲಿ, ತಾರಸಿಯ ಮೇಲಿಟ್ಟ ಬಕೆಟ್ಟುಗಳಲ್ಲಿ, ಬಿಸಾಡಿದ ಟಯರುಗಳಲ್ಲಿ ನೀರು ನಿಂತು, ಸೊಳ್ಳೆಗಳೆದ್ದು, ಡೆಂಗೆ ಮತ್ತು ಚಿಕುನ್‌ಗುನ್ಯಾಗಳ ವಾರ್ತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹರಿಯುತ್ತದೆ. ಪ್ಲೇಟ್‌ಲೆಟ್ ಎಷ್ಟಿದೆ ಎಂಬುದು ಕುಶಲಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತದೆ. ಅದೇ ದಿನಗಳಲ್ಲಿ ಮನೆಯ ನಾಯಿಯೂ ಅನ್ನ ಬಿಟ್ಟು ಮೂಲೆ ಹಿಡಿದರೆ, ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ ಅದರ ಪ್ಲೇಟ್‌ಲೆಟ್ಟುಗಳೂ ಕುಸಿದಿರುವುದು ಕಂಡುಬಂದರೆ, ನಾಯಿಗೂ ಡೆಂಗೆ ಬಂದಿತೆಂದು ಮನೆಯವರು ನಿರ್ಣಯಿಸಿಬಿಡುವುದು ಸಹಜವೇ ಸರಿ. ಅಷ್ಟಕ್ಕೆ ನಿಲ್ಲದೆ, ನಾಯಿಯಿಂದ ಮಗುವಿಗೆ ಬಂದಿತೋ ಮಗುವಿನಿಂದ ನಾಯಿಗೆ ಹೋಯಿತೋ ಎಂಬ ಚರ್ಚೆಯೂ ಏಳುತ್ತದೆ. ಅಜ್ಜಿಯಾದವಳು ಮನೆಯೊಳಗೆ ನಾಯಿ ಸಾಕುವುದೇ ಬೇಡವೆಂದು ತಾನು ಮೊದಲೇ ಹೇಳಿದ್ದುದನ್ನು ನೆನಪಿಸುತ್ತಾಳೆ.

ಈ ಮೂರು ಊಹೆಗಳೂ ಸಲ್ಲವು. ಡೆಂಗೆಯು ಈಡಿಸ್ ಸೊಳ್ಳೆಯ ಮೂಲಕ ಮನುಷ್ಯನಿಂದ ಮನುಷ್ಯನಿಗೆ ಸಾಗತಕ್ಕ ಒಂದು ವೈರಾಣುವಿನ ಕೃತ್ಯ. ನಾಯಿಯ ಈ ಜ್ವರವಾದರೋ ಬಹುಮಟ್ಟಿಗೆ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾದ ಕೃತ್ಯ. ಅದರ ವಾಹನ ಸೊಳ್ಳೆಯಲ್ಲ, ಉಣ್ಣಿ. ಒಂದಕ್ಕೆ ನೇರವಾದ ಔಷಧವಿಲ್ಲ. ಇನ್ನೊಂದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧವುಂಟು, ಆದರೆ ಅದನ್ನು ಸುಮಾರು ನಾಲ್ಕು ವಾರಗಳ ಕಾಲ ಬಿಡದೆ ಕೊಡಬೇಕು. ಎರಡು ವ್ಯಾಧಿಗಳೂ ಪ್ಲೇಟ್‌ಲೆಟ್ಟುಗಳನ್ನು ಕೆಡವುತ್ತವೆಂಬ ಒಂದೇ ಸಾಮ್ಯದಿಂದ ಇವೆರಡನ್ನೂ ಒಂದೆಂದು ಬಗೆದು, ಪಪ್ಪಾಯಿ ಎಲೆಯ ರಸವನ್ನು ನಾಯಿಗೆ ಕುಡಿಸುತ್ತ ವಾರವನ್ನು ಕಳೆದರೆ, ಗುಣವಾಗಬಹುದಾಗಿದ್ದ ಪ್ರಾಣಿಯನ್ನು ಕಳೆದುಕೊಳ್ಳುವ ಸಂಭವವುಂಟು.

೧೯೩೫ರಲ್ಲಿ ಆಲ್ಜೀರಿಯಾದಲ್ಲಿ ಕೆಲಸ ಮಾಡುತ್ತಿದ್ದ ದೊನಾತಿಯಾಂ ಮತ್ತು ಲೆಸ್ತೊಕಾರ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು, ಉಣ್ಣಿ ಮುತ್ತಿದ ನಾಯಿಗಳ ಬಿಳಿಯ ರಕ್ತಕಣಗಳೊಳಗೆ ಈ ಜೀವಿಯನ್ನು ಮೊಟ್ಟಮೊದಲು ಗುರುತಿಸಿದರು. ಆಮೇಲೆ ಮೂರು ದಶಕಗಳ ಕಾಲ ಅದನ್ನು ಲೋಕವು ಅಷ್ಟಾಗಿ ಲಕ್ಷಿಸಲಿಲ್ಲ. ವಿಯಟ್ನಾಮ್ ಯುದ್ಧದ ದಿನಗಳಲ್ಲಿ, ಅಮೆರಿಕದ ಸೈನ್ಯವು ಕೊಂಡೊಯ್ದಿದ್ದ ಜರ್ಮನ್ ಶೆಫರ್ಡ್ ನಾಯಿಗಳು ಮೂಗಿನಿಂದ ರಕ್ತ ಸುರಿಸುತ್ತ, ದಿನೇ ದಿನೇ ಕೃಶವಾಗಿ, ನೂರಕ್ಕೂ ಮಿಕ್ಕು ಸತ್ತಾಗಲಷ್ಟೇ ಈ ರೋಗದ ಉಗ್ರರೂಪವು ವೈದ್ಯರ ಕಣ್ಣಿಗೆ ಬಿದ್ದಿತು. ಜರ್ಮನ್ ಶೆಫರ್ಡ್ ತಳಿಯ ದೇಹವು ಈ ರೋಗಾಣುವಿನ ಮುಂದೆ ವಿಶೇಷವಾಗಿ ದುರ್ಬಲವಾದುದು. ನಮ್ಮ ಬೀದಿನಾಯಿಯಾದರೋ ಎಷ್ಟೋ ವೇಳೆ ಅದನ್ನು ಮೈಯೊಳಗೆ ಇಟ್ಟುಕೊಂಡೇ, ಹೊರಗೆ ಯಾವ ಚಿಹ್ನೆಯನ್ನೂ ತೋರದೆ, ತಿಂಗಳುಗಟ್ಟಲೆ ವರ್ಷಗಟ್ಟಲೆ ಓಡಾಡಿಕೊಂಡಿರುತ್ತದೆ.

ರೋಗವನ್ನು ಕಣ್ಣಾರೆ ಕಾಣಬೇಕಾದರೆ ರಕ್ತಲೇಪವನ್ನು ಸೂಕ್ಷ್ಮದರ್ಶಕದ ಕೆಳಗಿಡಬೇಕು. ನಾಯಿಯ ಕಿವಿಯ ಅಂಚಿನಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣವನ್ನು ಹಾಕಿ ತೊಳೆದು ನೋಡಿದರೆ, ಗುಲಾಬಿ ಬಣ್ಣದ ಕೆಂಪುಕಣಗಳ ಸಾಗರದ ನಡುವೆ ಅಲ್ಲೊಂದು ಇಲ್ಲೊಂದು ನೇರಿಳೆ ತಿರುಳಿನ ಬಿಳಿಯ ಕಣಗಳು ತೇಲುತ್ತಿರುತ್ತವೆ. ಅಂತಹ ದೊಡ್ಡದೊಂದು ಬಿಳಿಯ ಕಣದ ಒಳಗೆ, ತಿರುಳಿನ ಪಕ್ಕದಲ್ಲಿ, ಒತ್ತಾಗಿ ಸೇರಿದ ಚಿಕ್ಕ ಚಿಕ್ಕ ನೀಲಿ ಚುಕ್ಕೆಗಳ ಗೊಂಚಲೊಂದು ಕಂಡರೆ ಅದೇ ಎರ್ಲಿಕಿಯಾ. ಆದರೆ ಈ ದರ್ಶನವು ಸುಲಭವಾಗಿ ಲಭಿಸತಕ್ಕದ್ದಲ್ಲ. ರೋಗವಿದ್ದರೂ ಲೇಪದಲ್ಲಿ ಗೊಂಚಲು ಸಿಕ್ಕದೆ ಹೋಗುವುದೇ ಹೆಚ್ಚು. ಆದ್ದರಿಂದ ಇಂದಿನ ವೈದ್ಯರು ಪ್ರತಿಕಾಯಗಳ ಪರೀಕ್ಷೆಯನ್ನೋ ಪಿಸಿಆರ್ ಪರೀಕ್ಷೆಯನ್ನೋ ಆಶ್ರಯಿಸುತ್ತಾರೆ. ಬಣ್ಣಕ್ಕೆ ತನ್ನ ಹೆಸರನ್ನಿತ್ತ ವಿಲಿಯಂ ಲೀಶ್‌ಮನ್, ಕಾಲಾ ಅಜಾರ್ ರೋಗದ ಪರೋಪಜೀವಿಯನ್ನು ಕಂಡವರಲ್ಲೊಬ್ಬನು. ಆ ರೋಗವನ್ನು ಹರಡತಕ್ಕದ್ದು ಮರಳುನೊಣ. ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿ ಅದರ ಒಂದು ಪ್ರಭೇದಕ್ಕೆ ನಾಯಿಯೇ ಭಂಡಾರ. ಭಾರತದಲ್ಲಿ ಮನುಷ್ಯನೇ ಭಂಡಾರ. ಅಷ್ಟನ್ನು ಹೇಳಿ ಅದನ್ನು ಇಲ್ಲಿಗೆ ಬಿಡೋಣ.

ಕೆಂಪುಕಣಗಳೊಳಗೂ ಇಣುಕಿ ನೋಡಬೇಕು. ೧೯೧೦ರಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ಎಂಬ ವೈದ್ಯಾಧಿಕಾರಿಯು, ಮದರಾಸಿನ ಆಂಗ್ಲರ ಬೇಟೆಕೂಟವಾದ ಮದ್ರಾಸ್ ಹಂಟ್‌ನ ಬೇಟೆನಾಯಿಗಳ ಕೆಂಪುಕಣಗಳಲ್ಲಿ ಸಣ್ಣ ಉಂಗುರಗಳಂತಿರುವ ಒಂದು ಪರೋಪಜೀವಿಯನ್ನು ಕಂಡು ವರ್ಣಿಸಿದನು. ತರುವಾಯ ಅದೇ ಜೀವಿಯು ನರಿಯ ರಕ್ತದಲ್ಲಿಯೂ ದೊರೆಯಿತು. ಇದೇ ಇಂದು ಬಬೇಸಿಯಾ ಗಿಬ್ಸೋನಿ ಎಂದು ಹೆಸರಾಗಿರುವ, ನಾಯಿಯ ರಕ್ತವನ್ನು ನೀರು ಮಾಡಿ, ಮೂತ್ರವನ್ನು ಕಾಫಿಯ ಬಣ್ಣಕ್ಕೆ ತಿರುಗಿಸಿ, ಪಶುವೈದ್ಯರ ಸಹನೆಯನ್ನು ಪರೀಕ್ಷಿಸತಕ್ಕ ಜೀವಿ. ವಿಲಾಯತಿಯಿಂದ ಹಡಗೇರಿ ಬಂದ ಬೇಟೆನಾಯಿಗಳಿಗೆ ನಮ್ಮ ನರಿಗಳ ನೆಲದಲ್ಲಿ ಕಾದಿದ್ದ ಸ್ವಾಗತವಿದು. ಇದಕ್ಕೂ ಐದು ವರ್ಷ ಮೊದಲೇ, ೧೯೦೫ರಲ್ಲಿ, ಭಾರತದ ನಾಯಿಗಳಲ್ಲಿಯೇ ಕಂಡುಬಂದ ಇನ್ನೊಂದು ಪರೋಪಜೀವಿಯಾದ ಹೆಪಟೋಝೂನ್‌ನ ನಡೆಯು ಇನ್ನೂ ವಿಚಿತ್ರ: ಉಣ್ಣಿ ನಾಯಿಯನ್ನು ಕಚ್ಚುವುದರಿಂದಲ್ಲ, ನಾಯಿಯೇ ಉಣ್ಣಿಯನ್ನು ಕಚ್ಚಿ ನುಂಗುವುದರಿಂದ ಅದು ಒಳಹೊಗುತ್ತದೆ. ಮೈ ಕಡಿದಾಗ ಹಲ್ಲಿನಿಂದ ಹೆಕ್ಕಿ ನುಂಗುವುದು ನಾಯಿಗೆ ತಿಳಿದಿರುವ ಏಕೈಕ ಚಿಕಿತ್ಸೆ. ಆ ಚಿಕಿತ್ಸೆಯೇ ರೋಗದ ಬಾಗಿಲಾಗುವುದನ್ನು ಕಂಡಾಗ ಪ್ರಕೃತಿಗೆ ಒಂದು ಬಗೆಯ ಕುಹಕ ಬುದ್ಧಿಯುಂಟೆಂದು ತೋರದಿರದು.

ಈ ಎಲ್ಲ ಎಳೆಗಳೂ ಬಂದು ಕೂಡುವ ಗಂಟು ಉಣ್ಣಿ. ಮಲೆನಾಡಿನವರು ಉಣುಗು ಎನ್ನುವ, ಹಿಂಜವಾಡಿಯ ಮರಾಠಿಗರು ಗೋಚೀಡ್ ಎನ್ನುವ ಈ ಜೀವಿಯು ಕೀಟವೇ ಅಲ್ಲ; ಎಂಟು ಕಾಲಿನ, ಜೇಡ ಚೇಳುಗಳ ಬಳಗಕ್ಕೆ ಸೇರಿದ ಪ್ರಾಣಿ. ನಾಯಿಗಳ ಮೇಲೆ ನಾವು ಸಾಮಾನ್ಯವಾಗಿ ಕಾಣುವ ಕಂದುಬಣ್ಣದ ಜಾತಿಯ ಹೆಸರು ರೈಪಿಸೆಫಾಲಸ್ ಸಾಂಗ್ವಿನಿಯಸ್. ಉಣ್ಣಿಗಳಲ್ಲಿ ಬಹುಪಾಲು ಹುಲ್ಲಿನ, ಪೊದೆಯ, ಕಾಡಿನ ವಾಸಿಗಳಾಗಿರಲು, ಇದಾದರೋ ಮನೆಯೊಳಗೆ ಸಂಸಾರ ಮಾಡುವುದನ್ನು ಕಲಿತಿದೆ. ಮರಿ, ಕಿರಿ, ಹಿರಿ ಎಂಬ ಮೂರು ಅವಸ್ಥೆಗಳಲ್ಲಿಯೂ ಅದು ಅಪೇಕ್ಷಿಸುವುದು ನಾಯಿಯ ರಕ್ತವನ್ನೇ. ಮೊಟ್ಟೆಯೊಡೆದು ಹೊರಬಂದ ಮರಿಗೆ ಆರೇ ಕಾಲು. ಅದು ನಾಯಿಯನ್ನು ಏರಿ, ಕೆಲವು ದಿನ ರಕ್ತ ಹೀರಿ, ಕೆಳಕ್ಕೆ ಉದುರಿ, ಬಿರುಕೊಂದರಲ್ಲಿ ಅಡಗಿ, ಪೊರೆ ಕಳಚಿ, ಎಂಟು ಕಾಲನ್ನು ಪಡೆದು, ಮತ್ತೆ ನಾಯಿಯನ್ನೇರಿ, ಮತ್ತೆ ಉದುರಿ, ಮತ್ತೆ ಪೊರೆ ಕಳಚಿ, ಮೂರನೆಯ ಸಲ ಪ್ರಾಯಕ್ಕೆ ಬಂದ ಉಣ್ಣಿಯಾಗಿ ನಾಯಿಯನ್ನು ಅರಸುತ್ತದೆ. ಹಸಿದಿರುವಾಗ ಮೂರು ಮಿಲಿಮೀಟರಿನಷ್ಟೇ ಇರುವ ಹೆಣ್ಣು, ಒಂದೆರಡು ವಾರ ಹೀರಿದ ಮೇಲೆ ಔಡಲ ಬೀಜದಂತೆ ಉಬ್ಬಿ, ಬೂದುಬಣ್ಣಕ್ಕೆ ತಿರುಗಿ, ಕಾಲುಗಳೇ ಕಾಣದಂತಾಗಿ ನೆಲಕ್ಕೆ ಬೀಳುತ್ತದೆ. ಬಿದ್ದಲ್ಲಿ ನಿಲ್ಲುವುದೂ ಇಲ್ಲ. ಮೇಲೇರುವುದು ಅದರ ಸ್ವಭಾವ. ಗೋಡೆಯನ್ನು ಹಿಡಿದು, ಪರದೆಯ ಮಡಿಕೆಗಳ ಗುಂಟ, ಬಾಗಿಲ ಚೌಕಟ್ಟಿನ ಸಂದಿಗೋ, ಚಪ್ಪಲಿಯ ಗೂಡಿನ ಹಿಂಬದಿಗೋ, ಛಾವಣಿಯ ಮೂಲೆಗೋ ತಲುಪಿ, ಅಲ್ಲಿ ಮೊಟ್ಟೆಯಿಡಲಾರಂಭಿಸುತ್ತದೆ. ಒಂದೊಂದು ಮೊಟ್ಟೆಗೂ ಮೇಣದ ಲೇಪವನ್ನು ಹಚ್ಚಿ, ಒಂದಕ್ಕೊಂದು ಅಂಟಿಸಿ, ನಾಲ್ಕು ಸಾವಿರದವರೆಗೂ ಇಟ್ಟು, ತರುವಾಯ ಬರಿಯ ಚರ್ಮವಾಗಿ ಸಾಯುತ್ತದೆ. ನಮ್ಮ ಹವೆಯ ಬಿಸಿಯಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗಿನ ಈ ಚಕ್ರವು ಎರಡು ಮೂರು ತಿಂಗಳಲ್ಲಿ ಮುಗಿಯಬಲ್ಲುದು. ಅತ್ತ ನಾಯಿಯೇ ಸಿಕ್ಕದಿದ್ದರೂ, ಪ್ರಾಯದ ಉಣ್ಣಿಯು ಏನನ್ನೂ ತಿನ್ನದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮಿಕ್ಕು, ಬಿರುಕಿನಲ್ಲಿ ಕಾದು ಕುಳಿತಿರಬಲ್ಲುದು.

ಈ ಜೀವನಕ್ರಮವನ್ನು ಮನಸ್ಸಿಗೆ ತಂದುಕೊಂಡರೆ ಒಂದು ಸಂಗತಿ ಸ್ಫುಟವಾಗುತ್ತದೆ: ನಾಯಿಯ ಮೇಲೆ ನಮಗೆ ಕಾಣುವ ಉಣ್ಣಿಯು ಆ ಮನೆಯ ಉಣ್ಣಿಗಳಲ್ಲಿ ತೀರ ಸ್ವಲ್ಪ ಭಾಗ. ಉಳಿದುವೆಲ್ಲ ಗೋಡೆಯಲ್ಲಿವೆ. ಭಾನುವಾರ ನಾಯಿಯನ್ನು ಮೀಯಿಸಿ, ಹತ್ತು ಉಣ್ಣಿಗಳನ್ನು ಕಿತ್ತು, ಕೆಲಸವಾಯಿತೆಂದು ಕೈ ತೊಳೆದುಕೊಂಡ ಯಜಮಾನನು ಮುಂದಿನ ಭಾನುವಾರ ಮತ್ತೆ ಹತ್ತನ್ನು ಕಂಡು, ಔಷಧವೇ ಖೋಟಾ ಎಂದು ಅಂಗಡಿಯವನನ್ನು ಬೈಯುವುದು ಈ ಕಾರಣದಿಂದ.

ಉಣ್ಣಿಯ ಊಟದ ರೀತಿಯನ್ನೂ ಹೇಳಬೇಕು. ಸೊಳ್ಳೆಯಂತೆ ಚುಚ್ಚಿ, ಹೀರಿ, ಹಾರುವುದು ಅದರ ಕ್ರಮವಲ್ಲ. ಮುಂಗಾಲುಗಳ ತುದಿಯಲ್ಲಿರುವ ಸೂಕ್ಷ್ಮವಾದ ಕುಳಿಯಿಂದ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿಯನ್ನೂ ಗ್ರಹಿಸಿ, ನಾಯಿಯನ್ನೇರಿ, ಕಿವಿಯ ಒಳಗೋ ಬೆರಳುಗಳ ಸಂದಿಗೋ ತಲುಪಿ, ಚರ್ಮವನ್ನು ಕತ್ತರಿಸಿ, ಹಿಮ್ಮುಖವಾದ ಮುಳ್ಳುಗಳಿರುವ ಕೊಳವೆಯನ್ನು ಒಳಗೆ ನಾಟಿ, ಸುತ್ತಲೂ ಗಾರೆಯಂತಹ ಅಂಟನ್ನು ಸುರಿಸಿ ಗಟ್ಟಿಮಾಡಿಕೊಳ್ಳುತ್ತದೆ. ಕಚ್ಚಿಸಿಕೊಂಡವನಿಗೆ ನೋವು ತಿಳಿಯದಂತೆಯೂ ರಕ್ತವು ಹೆಪ್ಪುಗಟ್ಟದಂತೆಯೂ ಮಾಡತಕ್ಕ ದ್ರವ್ಯಗಳು ಅದರ ಎಂಜಲಿನಲ್ಲಿವೆ. ಹೀರಿದ ರಕ್ತದಲ್ಲಿ ನೀರಿನ ಅಂಶವೇ ಬಹಳ. ಅದಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲು ಎಡೆಯಿಲ್ಲವಾದ್ದರಿಂದ, ಸಾರವನ್ನು ಉಳಿಸಿಕೊಂಡು, ಹೆಚ್ಚಾದ ನೀರನ್ನು ಎಂಜಲಿನ ರೂಪದಲ್ಲಿ ಮರಳಿ ಅದೇ ಗಾಯದೊಳಕ್ಕೆ ಉಗುಳುತ್ತದೆ. ರೋಗಾಣುಗಳು ದೇಹದಿಂದ ದೇಹಕ್ಕೆ ದಾಟುವ ಹೊಳೆ ಈ ಉಗುಳೇ. ಉಣ್ಣಿಯು ರೋಗವನ್ನು ಸಾಗಿಸಬಲ್ಲುದೆಂಬುದನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್; ೧೮೯೩ರಲ್ಲಿ, ದನಗಳ ಟೆಕ್ಸಾಸ್ ಜ್ವರದ ವಿಷಯದಲ್ಲಿ. ಅದಕ್ಕೆ ಎಷ್ಟೋ ಮುಂಚಿನಿಂದ ದನಗಾಹಿಗಳು ಉಣ್ಣಿಯನ್ನೇ ಬೊಟ್ಟುಮಾಡುತ್ತಿದ್ದರು, ಓದಿದವರು ನಕ್ಕಿದ್ದರು.

ಹಾಗಾದರೆ ಮನುಷ್ಯನಿಗೆ ಇದರಿಂದ ಏನು? ನಾಯಿಯ ಎರ್ಲಿಕಿಯಾ ಮನುಷ್ಯನಿಗೆ ತಗಲಿದ ಉದಾಹರಣೆಗಳು ವೆನಿಜುವೆಲಾದಿಂದ ವರದಿಯಾಗಿರುವುದನ್ನು ಬಿಟ್ಟರೆ ವಿರಳ. ನಮ್ಮ ದೇಶದಲ್ಲಿ ನಿಜವಾಗಿ ಲಕ್ಷಿಸಬೇಕಾದುದು, ಅದೇ ಕಂದು ಉಣ್ಣಿಯು ಸಾಗಿಸಬಲ್ಲ ರಿಕೆಟ್ಸಿಯಾ ಕೊನೊರಿ ಎಂಬ ರೋಗಾಣು. ಇದರಿಂದ ಬರುವ ಜ್ವರಕ್ಕೆ ಭಾರತೀಯ ಉಣ್ಣಿ ಟೈಫಸ್ ಎಂದು ಹೆಸರು. ಜಾನ್ ಮೆಗಾ ಎಂಬ ವೈದ್ಯನು ೧೯೨೧ರಲ್ಲಿಯೇ, ಉಣ್ಣಿಯಿಂದ ಬರುವುದೆಂದು ತೋರುವ ಟೈಫಸ್ ತರಹದ ಜ್ವರವೊಂದು ಈ ದೇಶದಲ್ಲಿದೆಯೆಂದು ಬರೆದಿದ್ದನು. ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಮಕ್ಕಳ ವೈದ್ಯರು ಇದನ್ನು ಅನೇಕ ಸಲ ಗುರುತಿಸಿ ದಾಖಲಿಸಿದ್ದಾರೆ. ತೀವ್ರವಾದ ಜ್ವರ, ತಲೆನೋವು, ಮೈಕೈ ನೋವು. ಮೂರು ನಾಲ್ಕು ದಿನಗಳ ತರುವಾಯ ಮೈಮೇಲೆ ಕೆಂಪು ಗಂಧೆ. ಆ ಗಂಧೆಯು ಅಂಗೈ ಅಂಗಾಲುಗಳನ್ನೂ ಬಿಡದೆ ಆವರಿಸುವುದು ಇದರ ಕುರುಹು. ದಡಾರವೆಂದೋ ಡೆಂಗೆಯೆಂದೋ ತಪ್ಪು ತಿಳಿಯುವ ಸಂಭವ ಇರುವಲ್ಲಿ, ಕೈಯನ್ನು ಮಗುಚಿ ಅಂಗೈಯನ್ನು ನೋಡುವ ವೈದ್ಯನು ದಾರಿಯನ್ನು ಕಂಡುಕೊಳ್ಳುತ್ತಾನೆ. ಇಲ್ಲಿಯೂ ಔಷಧ ಡಾಕ್ಸಿಸೈಕ್ಲಿನ್ನೇ. ಬೇಗನೆ ಕೊಟ್ಟರೆ ಒಂದೆರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಮಿದುಳು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಅಪಾಯ ತಟ್ಟಬಹುದು. ಪ್ರಯೋಗಶಾಲೆಯ ಉತ್ತರ ಬರುವವರೆಗೆ ಕಾಯದೆ ಔಷಧವನ್ನು ಆರಂಭಿಸಬೇಕೆಂಬುದು ತಜ್ಞರ ಮತ. ಅದಕ್ಕೆ ವೈದ್ಯನಿಗೆ ಸಂದೇಹವಾದರೂ ಹುಟ್ಟಬೇಕಷ್ಟೆ. ಮನೆಯಲ್ಲಿ ನಾಯಿಯುಂಟೆ, ಅದರ ಮೇಲೆ ಉಣ್ಣಿಯುಂಟೆ ಎಂಬ ಪ್ರಶ್ನೆಯನ್ನು ಅವನು ಕೇಳಬೇಕು, ಕೇಳದಿದ್ದರೆ ತಾಯಿತಂದೆಯರೇ ಹೇಳಬೇಕು.

ಸಾಮಾನ್ಯವಾಗಿ ಈ ಉಣ್ಣಿಗೆ ಮನುಷ್ಯನ ರಕ್ತ ರುಚಿಸದು. ಆದರೆ ಬಿಸಿಲು ಏರಿದಂತೆ ಅದರ ಅಭಿರುಚಿ ಬದಲಾಗುವುದೆಂಬುದು ಈಚಿನ ಶೋಧ. ೨೦೦೭ರ ಏಪ್ರಿಲ್ ತಿಂಗಳ ಅಕಾಲಿಕ ಸೆಕೆಯಲ್ಲಿ ದಕ್ಷಿಣ ಫ್ರಾನ್ಸಿನ ನೀಮ್ ನಗರದಲ್ಲಿ ಉಣ್ಣಿಜ್ವರ ಹಿಡಿದವರ ಒಂದು ಸಣ್ಣ ಗುಂಪು ಕಾಣಿಸಿಕೊಂಡಾಗ, ಅಲ್ಲಿನ ವಿಜ್ಞಾನಿಗಳು ಈ ಉಣ್ಣಿಗಳನ್ನು ೨೫ ಡಿಗ್ರಿ ಮತ್ತು ೪೦ ಡಿಗ್ರಿ ಸೆಲ್ಸಿಯಸ್‌ಗಳಲ್ಲಿ ಇರಿಸಿ ನೋಡಿದರು; ಬಿಸಿಯಲ್ಲಿದ್ದ ಉಣ್ಣಿಗಳು ಮನುಷ್ಯನ ತೋಳನ್ನು ಹೆಚ್ಚು ಆತುರದಿಂದ ಕಚ್ಚಿದುವು. ೨೦೨೦ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ರಕಟಪಡಿಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಒಂದು ದೊಡ್ಡ ಪೆಟ್ಟಿಗೆಯಲ್ಲಿ ನಾಯಿ, ಇನ್ನೊಂದರಲ್ಲಿ ಮನುಷ್ಯ, ಎರಡನ್ನೂ ಕೂಡಿಸುವ ಪಾರದರ್ಶಕ ಕೊಳವೆಯ ನಡುವೆ ಉಣ್ಣಿಗಳು. ಸುಮಾರು ೨೩ ಡಿಗ್ರಿಯ ತಂಪಿನಲ್ಲಿ ಅವು ಬಹುಮಟ್ಟಿಗೆ ನಾಯಿಯತ್ತ ನಡೆದುವು. ಸುಮಾರು ೩೮ ಡಿಗ್ರಿಗೆ ಏರಿಸಿದಾಗ ಮನುಷ್ಯನತ್ತ ತಿರುಗಿದವುಗಳ ಪ್ರಮಾಣ ಎದ್ದು ಕಾಣುವಂತೆ ಹೆಚ್ಚಿತು. ಅದರಲ್ಲಿಯೂ ಉಷ್ಣವಲಯದ ಕವಲಿನ ಉಣ್ಣಿಗಳಲ್ಲಿ. ನಮ್ಮಲ್ಲಿರುವುದು ಆ ಕವಲೇ. ಏಪ್ರಿಲ್ ಮೇ ತಿಂಗಳುಗಳಲ್ಲಿ ಪುಣೆಯ ಬಿಸಿಲು ನಲವತ್ತರ ಸುತ್ತಮುತ್ತ ಸುಳಿದಾಡುವುದನ್ನು ಬಲ್ಲವರು ಈ ಫಲಿತಾಂಶವನ್ನು ಪರದೇಶದ ವಾರ್ತೆಯೆಂದು ಬದಿಗಿಡಲಾರರು.

ಉಣ್ಣಿಯ ವಿಚಾರದಲ್ಲಿ ಪುಣೆಗೂ ಕರ್ನಾಟಕಕ್ಕೂ ಹಳೆಯದಾದ ಒಂದು ಬಾಂಧವ್ಯವುಂಟು. ೧೯೫೨ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಗಳು ಕೂಡಿ ಪುಣೆಯಲ್ಲಿ ವೈರಾಣು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದುವು. ಇಂದಿನ ರಾಷ್ಟ್ರೀಯ ವೈರಾಣು ಶಾಸ್ತ್ರ ಸಂಸ್ಥೆ ಅದೇ. ಅದರ ಅತ್ಯಂತ ಭದ್ರವಾದ ಪ್ರಯೋಗಾಲಯವಿರುವ ಪಾಷಾಣ ಎಂಬ ಎಡೆಯು ಹಿಂಜವಾಡಿಯಿಂದ ಬಹಳ ದೂರವಲ್ಲ. ೧೯೫೭ರ ಮೊದಲ ತಿಂಗಳುಗಳಲ್ಲಿ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿವೆಯೆಂದೂ, ಸೌದೆಗೂ ಸೊಪ್ಪಿಗೂ ಕಾಡಿಗೆ ಹೋದ ಹಳ್ಳಿಗರು ಘೋರವಾದ ಜ್ವರದಿಂದ ಮಲಗುತ್ತಿದ್ದಾರೆಂದೂ ವಾರ್ತೆ ಬಂದಾಗ, ಪುಣೆಯಿಂದ ಹೊರಟ ತಂಡಕ್ಕೆ ಮೊದಲು ಹುಟ್ಟಿದ ಭೀತಿಯು ಆಫ್ರಿಕದ ಹಳದಿಜ್ವರವು ಕಡೆಗೂ ಭಾರತಕ್ಕೆ ಕಾಲಿಟ್ಟಿತೇ ಎಂಬುದು. ಮಂಗಗಳ ಸಾವು, ಮನುಷ್ಯರ ಜ್ವರ, ರಕ್ತಸ್ರಾವ, ಎಲ್ಲವೂ ಅದಕ್ಕೆ ಹೊಂದುತ್ತಿದ್ದುವು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರೂ ಅವರ ಭಾರತೀಯ ಸಹೋದ್ಯೋಗಿಗಳೂ ಕೂಡಿ ವೈರಾಣುವನ್ನು ಬೇರ್ಪಡಿಸಿ ನೋಡಿದಾಗ, ಅದರ ಬಂಧುಗಳು ಆಫ್ರಿಕದಲ್ಲಿರದೆ ರಷ್ಯದ ಉಣ್ಣಿಜ್ವರಗಳ ಕುಲದಲ್ಲಿ ದೊರೆತರು. ಸೊಳ್ಳೆಯನ್ನು ಹುಡುಕಲು ಹೋದವರಿಗೆ ಸಿಕ್ಕಿದ್ದು ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣಿ.

ಮಂಗನ ಕಾಯಿಲೆಯೆಂದು ಮಲೆನಾಡೆಲ್ಲ ಬೆದರುವ ಈ ರೋಗದಲ್ಲಿ ಮಂಗನು ಅಪರಾಧಿಯಲ್ಲ, ಮೊದಲ ಬಲಿ. ಮಂಗವು ಸತ್ತು ಬಿದ್ದೊಡನೆ ಅದರ ಮೈಮೇಲಿನ ಸೋಂಕಿತ ಉಣ್ಣಿಗಳು ಆರುವ ದೇಹವನ್ನು ತೊರೆದು ಸುತ್ತಣ ತರಗೆಲೆಗಳಲ್ಲಿ ಹರಡುತ್ತವೆ; ಆ ನೆಲವನ್ನು ತುಳಿದವನಿಗೆ ಅಪಾಯ. ಪ್ರಾಯದ ಉಣ್ಣಿಗೆ ಬೇಕಾದುದು ಕಾಡಿನಂಚಿನಲ್ಲಿ ಮೇಯುವ ದನ. ದನ ಹೆಚ್ಚಿದಂತೆ ಉಣ್ಣಿಯ ಸಂತಾನವೂ ಹೆಚ್ಚು. ಮನುಷ್ಯನನ್ನು ಕಚ್ಚುವುದು ಬಹುಮಟ್ಟಿಗೆ ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಕಿರಿಯುಣ್ಣಿ. ೧೯೮೨-೮೩ರಲ್ಲಿ ಬೆಳ್ತಂಗಡಿಯ ಕಡೆ ಕಾಡು ಕಡಿದಲ್ಲಿ ಈ ರೋಗ ಸಾವಿರಕ್ಕೂ ಮಿಕ್ಕ ಜನರನ್ನು ಹಿಡಿಯಿತು. ೨೦೧೬ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ದಾಟಿತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಭುಗಿಲೆದ್ದಿತು. ಹಿಂಜವಾಡಿಗೆ ಮಂಗನ ಕಾಯಿಲೆ ಬಂದಿಲ್ಲ; ಬರುವುದೆಂದು ಹೆದರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮಲೆನಾಡಿನಲ್ಲಿ ಸತ್ತ ಮಂಗವನ್ನು ಕಂಡ ಕೂಡಲೆ ಆರೋಗ್ಯ ಇಲಾಖೆಗೆ ತಿಳಿಸುವ, ಕಾಡಿಗೆ ಹೋಗುವ ಮೊದಲು ಉಣ್ಣಿಯನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳುವ ಅಭ್ಯಾಸವು ಅರುವತ್ತು ವರ್ಷಗಳ ಅನುಭವದಿಂದ ಬೆಳೆದುಬಂದಿದೆ. ಪ್ರಾಣಿಯ ಮರಣವನ್ನು ಮನುಷ್ಯನಿಗೆ ಬಂದ ಮುನ್ಸೂಚನೆಯೆಂದು ಓದುವ ಆ ವಿವೇಕವು, ನಾಯಿಯ ವಿಷಯದಲ್ಲಿ ನಗರವಾಸಿಗಳಿಗೆ ಇನ್ನೂ ಬಂದಂತಿಲ್ಲ. ಒಂದೇ ವಸತಿ ಸಮುಚ್ಚಯದಲ್ಲಿ ನಾಲ್ಕು ನಾಯಿಗಳು ಉಣ್ಣಿಜ್ವರದಿಂದ ಮಲಗಿದರೆ, ಅಲ್ಲಿನ ಗೋಡೆಗಳಲ್ಲಿ ಏನಿದೆಯೆಂಬುದರ ವರದಿಯನ್ನು ಆ ನಾಯಿಗಳು ಕೊಟ್ಟಂತಾಯಿತು.

ಸೊಳ್ಳೆಯ ಪಾಲನ್ನೂ ತುಸು ಹೇಳಬೇ‌ಕು. ನಾಯಿಯ ಚರ್ಮದಡಿ ವಾಸಿಸುವ ಡೈರೋಫೈಲೇರಿಯಾ ರೆಪೆನ್ಸ್ ಎಂಬ ದಾರದಂತಹ ಜಂತುವಿನ ಸೂಕ್ಷ್ಮಮರಿಗಳು ರಕ್ತದಲ್ಲಿ ತೇಲುತ್ತಿರುತ್ತವೆ. ಸೊಳ್ಳೆಯು ಅವನ್ನು ಹೀರಿಕೊಂಡರೆ, ಅದರ ದೇಹದಲ್ಲಿ ಎರಡು ವಾರದಷ್ಟು ಕಾಲ ಬೆಳೆದು, ಸೊಂಡಿಲಿನ ಒರೆಗೆ ಬಂದು ಸೇರಿ, ಮುಂದಿನ ಕಡಿತದಲ್ಲಿ ಆ ಒರೆಯನ್ನು ಹರಿದುಕೊಂಡು ಹೊರಬೀಳುತ್ತವೆ. ಇದೇ ಕುಲದ, ನಾಯಿಯ ಹೃದಯದಲ್ಲಿ ವಾಸಿಸುವ ಜಂತುವಿನ ವಿಷಯದಲ್ಲಿ ಈ ಹಾದಿಯನ್ನು ೧೯೦೦ರಲ್ಲಿ ಇಟಲಿಯ ಗ್ರಾಸಿ ಮತ್ತು ನೋಯೆ ತೋರಿಸಿಕೊಟ್ಟರು. ಅಕಸ್ಮಾತ್ತಾಗಿ ಮನುಷ್ಯನನ್ನು ಹೊಕ್ಕ ಮರಿಗೆ ಅಲ್ಲಿ ಸಂತಾನವಿಲ್ಲ. ಒಂಟಿಯಾಗಿ ಅಲೆದು, ಕೆಲವೊಮ್ಮೆ ಕಣ್ಣಿನ ಬಿಳಿಪದರದ ಅಡಿಗೆ ಬಂದು ನುಲಿಯತೊಡಗುತ್ತದೆ. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ನೇತ್ರವೈದ್ಯರು ಇಂತಹ ಜೀವಂತ ಜಂತುಗಳನ್ನು ಹೊರತೆಗೆದ ವರದಿಗಳು ಅನೇಕವಿವೆ. ನೋಡುವುದಕ್ಕೆ ಭಯಾನಕವಾದರೂ, ತೆಗೆದ ಮೇಲೆ ಮುಗಿಯಿತು. ಆ ಮನುಷ್ಯನಿಂದ ಇನ್ನಾರಿಗೂ ಹರಡದು. ಚಿಗಟದ ಮೂಲಕ ಬರುವ ಲಾಡಿಹುಳುವಿನದು ಇನ್ನೂ ಸೌಮ್ಯವಾದ ಕಥೆ: ಚಿಗಟವನ್ನು ನುಂಗಿದ ನಾಯಿಗೆ, ಅಪರೂಪಕ್ಕೆ ನಾಯಿಯೊಡನೆ ಉರುಳಾಡುವ ಎಳೆಯ ಮಗುವಿಗೆ ಅದು ಬರುತ್ತದೆ, ಮಾತ್ರೆಯೊಂದರಿಂದ ಹೋಗುತ್ತದೆ.

ಮೈಗೆ ಕಚ್ಚಿದ ಉಣ್ಣಿಯನ್ನು ತೆಗೆಯುವುದರಲ್ಲಿ ನಮ್ಮವರು ಅನುಸರಿಸುವ ಉಪಾಯಗಳಲ್ಲಿ ಬಹುಪಾಲು ಅನರ್ಥಕಾರಿ. ಊದುಬತ್ತಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ತಂಬಾಕು ತಿಕ್ಕುವುದು ಇವೆಲ್ಲ ಉಣ್ಣಿಯನ್ನು ಕೆರಳಿಸಿ, ಇನ್ನಷ್ಟು ಎಂಜಲನ್ನು ಗಾಯದೊಳಕ್ಕೆ ಕಾರುವಂತೆ ಮಾಡಬಹುದು. ಎರಡು ಹೆಬ್ಬೆರಳುಗಳ ಉಗುರಿನ ನಡುವೆ ಚಟ್ಟನೆ ಒಡೆಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಒಡೆದ ಉಣ್ಣಿಯ ರಸವು ಉಗುರುಸುತ್ತಿನ ಬಿರುಕಿಗೋ, ಅದೇ ಕೈಯಿಂದ ಕಣ್ಣುಜ್ಜಿದರೆ ಕಣ್ಣಿಗೋ ತಗಲಿ, ಕಡಿತವಿಲ್ಲದೆಯೇ ರಿಕೆಟ್ಸಿಯಾ ಒಳಸೇರಬಲ್ಲುದು. ಸಣ್ಣ ಚಿಮಟದಿಂದ ಚರ್ಮಕ್ಕೆ ಎಷ್ಟು ಸಮೀಪವಾಗಿ ಹಿಡಿಯಲು ಸಾಧ್ಯವೋ ಅಷ್ಟು ಸಮೀಪವಾಗಿ ಹಿಡಿದು, ತಿರುಚದೆ, ಒಂದೇ ಸಮನೆ ಮೇಲಕ್ಕೆಳೆದು, ಸ್ಪಿರಿಟ್ಟಿನ ಶೀಶೆಯಲ್ಲಿ ಹಾಕಿ, ಕೈ ತೊಳೆದುಕೊಳ್ಳುವುದು ಸರಿಯಾದ ಕ್ರಮ.

ಬೀದಿನಾಯಿಗಳನ್ನು ಓಡಿಸಿದರೆ ಎಲ್ಲ ಸರಿಹೋಗುವುದೆಂದು ವಾದಿಸುವವರು ಹಿಂಜವಾಡಿಯಲ್ಲಿಯೂ ಉಂಟು. ಅಮೆರಿಕದ ಅರಿಜೋನಾ ಪ್ರಾಂತದ ಮೂಲನಿವಾಸಿಗಳ ವಸತಿಗಳಲ್ಲಿ, ಈ ಶತಮಾನದ ಆರಂಭದಿಂದ, ಇದೇ ಕಂದು ಉಣ್ಣಿಯ ಮೂಲಕ ರಾಕಿ ಪರ್ವತ ಜ್ವರವೆಂಬ ಮಾರಕವಾದ ರಿಕೆಟ್ಸಿಯಾ ರೋಗವು ಹಬ್ಬಿ ಮಕ್ಕಳು ಸತ್ತರು. ಅಲ್ಲಿಯೂ ತಿರುಗಾಡಿ ನಾಯಿಗಳು ಹೇರಳ. ಅಧಿಕಾರಿಗಳು ಮಾಡಿದ್ದಿಷ್ಟು: ಮನೆಮನೆಗೆ ಹೋಗಿ, ಸಿಕ್ಕ ನಾಯಿಗಳಿಗೆಲ್ಲ ಬಹುಕಾಲ ಕೆಲಸ ಮಾಡತಕ್ಕ ಉಣ್ಣಿನಾಶಕ ಕೊರಳಪಟ್ಟಿಗಳನ್ನು ಕಟ್ಟಿ, ಅಂಗಳಗಳಿಗೆ ಔಷಧ ಸಿಂಪಡಿಸಿದರು. ನಾಯಿಗಳು ಇದ್ದಲ್ಲಿಯೇ ಇದ್ದುವು. ಅವುಗಳ ಮೇಲಿನ ಉಣ್ಣಿ ಬಹುಮಟ್ಟಿಗೆ ಮಾಯವಾಯಿತು. ಮನುಷ್ಯರ ರೋಗವೂ ತಗ್ಗಿತು. ಕೊರಳಪಟ್ಟಿ ಕಟ್ಟಿಸಿಕೊಂಡ ನಾಯಿಯು ಉಣ್ಣಿಗೆ ಬಲೆಯಾಗಿ ಪರಿಣಮಿಸುತ್ತದೆ, ಬಿರುಕಿನಿಂದ ಹೊರಬಂದು ಅದನ್ನೇರಿದ ಉಣ್ಣಿ ಮರಳಿ ಹೋಗುವುದಿಲ್ಲ. ನಾಯಿಯನ್ನು ಓಡಿಸಿದರೆ ಉಳಿಯುವುದು ಹಸಿದ ಉಣ್ಣಿ ಮತ್ತು ನಾವು.

ಹಿಂಜವಾಡಿಯ ತೊಡಕು ಬೇರೆಯದು. ಒಂದು ಕಡೆ ಗ್ರಾಮ ಪಂಚಾಯಿತಿ, ಇನ್ನೊಂದು ಕಡೆ ಕೈಗಾರಿಕಾಭಿವೃದ್ಧಿ ನಿಗಮ, ಹೆದ್ದಾರಿಯ ಆಚೆ ವಾಕಡದಿಂದ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆ; ಉಣ್ಣಿಗೆ ಈ ಎಲ್ಲೆಗಳ ಪರಿವೆಯಿಲ್ಲ. ಮನೆಯ ನಾಯಿಗೆ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಅಗಿಯಲು ಕೊಡತಕ್ಕ ಮಾತ್ರೆಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಅದರ ಜೊತೆಗೆ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು, ಚಪ್ಪಲಿಯ ಗೂಡನ್ನು ಸರಿಸಿ ಗುಡಿಸುವ ಕೆಲಸವನ್ನು ಎರಡು ಮೂರು ತಿಂಗಳು ಬಿಡದೆ ನಡೆಸಿದರೆ ಮನೆಯೊಳಗಿನ ಚಕ್ರ ಮುರಿಯುತ್ತದೆ. ನಮ್ಮ ಬೀದಿನಾಯಿಗೆ ಕೊರಳಪಟ್ಟಿ ನಿಲ್ಲದು. ಆದರೆ ಮಾತ್ರೆಯನ್ನು ನುಂಗಿಸಬಹುದು. ನುಂಗಿಸಬಲ್ಲವರು ಯಾರೆಂದರೆ, ದಿನವೂ ಸಂಜೆ ಗೇಟಿನ ಹೊರಗೆ ಅನ್ನವನ್ನೋ ಚಪಾತಿಯನ್ನೋ ತಂದಿಟ್ಟು, ಸೊಸೈಟಿಯ ಸಭೆಗಳಲ್ಲಿ ಎಲ್ಲರಿಂದಲೂ ಬೈಸಿಕೊಳ್ಳುವ ಆ ನಾಲ್ಕಾರು ಹೆಂಗಸರೂ ಹುಡುಗರೂ. ಯಾವ ನಾಯಿ ಯಾವ ಮೂಲೆಯಲ್ಲಿ ಮಲಗುತ್ತದೆ, ಯಾವುದಕ್ಕೆ ಎಷ್ಟು ಮರಿ, ಯಾವುದು ಎರಡು ದಿನದಿಂದ ಉಣ್ಣುತ್ತಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಸೊಸೈಟಿಯು ಅವರೊಡನೆ ಜಗಳಕ್ಕೆ ವ್ಯಯಿಸುವ ಹೊತ್ತಿನಲ್ಲಿ ಮಾತ್ರೆಗಳಿಗೆ ಚಂದಾ ಎತ್ತಿಕೊಡಬಹುದು. ಮಾತ್ರೆಯ ಪ್ರಮಾಣವು ನಾಯಿಯ ತೂಕವನ್ನು ಅವಲಂಬಿಸಿರುವುದರಿಂದ ಮೊದಲ ಸಲ ಪಶುವೈದ್ಯರೊಬ್ಬರನ್ನು ಕರೆತಂದು ಅಂದಾಜು ಮಾಡಿಸಬೇಕು. ಎಂಟು ವಾರ ತುಂಬದ ಮರಿಗಳಿಗೂ, ಹಿಂದೆ ಫಿಟ್ಸ್ ಬಂದ ನಾಯಿಗಳಿಗೂ ಇದನ್ನು ಕೊಡಲಾಗದು.